ಒಂದು ಗಜ ಬಾಕಿ

ಆರ್ವಿಲ್ ಸ್ಟೆನ್ಸ್‌ಲಂಡನ ಕಣ್ಣು ಎಷ್ಟು ಚುರುಕೆಂದರೆ, ಒಂದು ಸೆಪ್ಟೆಂಬರ್ ಸಂಜೆ ಟ್ಯಾಮರಾಕ್ ಹೈಸ್ಕೂಲಿನ ಮೈದಾನದಲ್ಲಿ ಗೋಲಿನ ಗೆರೆಯ ಮೇಲೆ ಕೂತಿದ್ದ ನೊಣದ ಐದು ಕಾಲು ಗೆರೆಯ ಒಳಗಿವೆ, ಒಂದು ಹೊರಗಿದೆ ಎಂದು ಅವನು ಮೈದಾನದ ಆಚೆ ತುದಿಯಿಂದ ಕೂಗಿ ಹೇಳಿದ. ರೆಫರಿ ಓಡಿಹೋಗಿ, ಮಂಡಿಯೂರಿ, ಮೂಗನ್ನು ಹುಲ್ಲಿಗೆ ತಾಗಿಸಿ ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನಾಚಿಕೊಂಡ ನೊಣ ಆರನೆಯ ಕಾಲನ್ನೂ ಒಳಗೆಳೆದುಕೊಂಡಿತು.

ಇದಕ್ಕೆ ಸಾಕ್ಷಿ ಯಾರೆಂದು ಕೇಳಬಾರದು. ಆ ರೆಫರಿ ನಿವೃತ್ತನಾಗಿ ಫ್ಲಾರಿಡಾದ ಬಿಸಿಲಿಗೆ ಹೊರಟುಹೋದ. ನೊಣ ಆ ಚಳಿಗಾಲ ದಾಟಲಿಲ್ಲ. ಉಳಿದವನು ಆರ್ವಿಲ್ ಒಬ್ಬನೇ. ಅವನೋ, ಈ ಕಥೆಯನ್ನು ಹಾಲಿನ ಲಾರಿಯಲ್ಲಿ ಹೇರಿಕೊಂಡು ಊರೂರು ತಿರುಗಿದ. ಬೆಳಿಗ್ಗೆ ಎದ್ದು ಕೊಟ್ಟಿಗೆಗಳಿಂದ ಹಾಲು ತುಂಬಿಸಿಕೊಂಡು ಚೀಸ್ ಕಾರ್ಖಾನೆಗೆ ಮುಟ್ಟಿಸುವುದು ಅವನ ಕೆಲಸ. ಹಾಲಿಗೆ ಒಂದು ಹನಿ ನೀರು ಬೆರೆಸಿದವನಲ್ಲ. ಆ ಆಸೆಯನ್ನೆಲ್ಲ ಮಾತಿನಲ್ಲಿ ತೀರಿಸಿಕೊಂಡವನು.

ಶುಕ್ರವಾರ ಸಂಜೆ ಹೈಸ್ಕೂಲು ಹುಡುಗರ ಅಮೆರಿಕನ್ ಫುಟ್‌ಬಾಲ್ ಆಟ ನಡೆಯುವಾಗ ಆರ್ವಿಲನ ಜಾಗ ಗೆರೆಯ ಪಕ್ಕದಲ್ಲಿ, ಸರಪಳಿಯವರ ಜೊತೆ. ಚೆಂಡು ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಯಿತೋ ಇಲ್ಲವೋ ಎಂದು ಅಳೆಯುವ ಸರಪಳಿ ಅದು. ಎರಡು ತುದಿಗೆ ಎರಡು ಕೋಲು, ಎರಡು ಜನ. ಮೂರನೆಯವನ ಕೈಯಲ್ಲಿ, ಇದು ಎಷ್ಟನೇ ಪ್ರಯತ್ನ ಎಂದು ತೋರಿಸುವ ಅಂಕಿಯ ಕೋಲು. ಆರ್ವಿಲ್ ಆ ಮೂರನೆಯವನು. ಮುಂದಿನ ತುದಿ ಹಿಡಿದವನೇ ಮೇಸ್ತ್ರಿ. ಅನುಮಾನ ಬಂದಾಗ ಅವನು ಸರಪಳಿ ಹಿಡಿದು ಮೈದಾನದ ನಡುವಿಗೆ ನಡೆದುಹೋಗಿ, ಬಗ್ಗಿ, ಬಿಗಿಯಾಗಿ ಎಳೆಯುತ್ತಾನೆ. ಆಗ ಟ್ಯಾಮರಾಕಿನಲ್ಲಿ ಉಸಿರಾಡುವ ಪದ್ಧತಿ ಇಲ್ಲ. ಒಮ್ಮೆ ಅಂಥ ಹೊತ್ತಿನಲ್ಲಿ ಹುಟ್ಟಬೇಕಿದ್ದ ಮಗುವೊಂದು, ಅಳತೆ ಮುಗಿಯಲಿ ಎಂದು ಹೊಟ್ಟೆಯೊಳಗೇ ಕಾದು ಆಮೇಲೆ ಹುಟ್ಟಿತು.

ಮೇಸ್ತ್ರಿಯಾಗಿದ್ದ ಮುದುಕ ಎಲ್ರಾಯನ ಮಂಡಿ ಕೈಕೊಟ್ಟಿತ್ತು. ಆ ಜಾಗಕ್ಕೆ ಯಾರು? ಅಂಕಿಯ ಕೋಲಿನ ಆರ್ವಿಲನೋ, ಹಿಂದಿನ ತುದಿ ಹಿಡಿಯುವ ವಾಮೆಂಗನೋ? ಆರ್ವಿಲನಿಗೆ ಈ ಜನ್ಮದಲ್ಲಿ ಇನ್ನೇನೂ ಬೇಕಿರಲಿಲ್ಲ. ಕನ್ನಡಿಯ ಮುಂದೆ ಅಡುಗೆಮನೆಯ ಪೊರಕೆ ಹಿಡಿದು ಬಗ್ಗುವುದನ್ನು ಅಭ್ಯಾಸ ಮಾಡುತ್ತಿದ್ದ. ಆರಿಸುವವರು ಕೋಚ್ ಬ್ರೆಕ್ಕೆ. ಮೃದು ಮನುಷ್ಯ, ಹುಡುಗರನ್ನು ಬೈದ ಮೇಲೆ ಮನೆಗೆ ಹೋಗಿ ತಾವೇ ಮಂಕಾಗುವ ಜಾತಿ. "ಮೇಸ್ತ್ರಿಗೆ ಬೇಕಾದ್ದು ಒಂದೇ," ಎಂದಿದ್ದರು ಅವರು. "ಕಣ್ಣು. ಎಲ್ಲರೂ ಮುಖ ಮುಚ್ಕೊಂಡಾಗ್ಲೂ ನೋಡೋ ಕಣ್ಣು."

ಆರ್ವಿಲನಿಗೆ ಆ ಮಾತು ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. ಯಾಕೆಂದರೆ ಇಡೀ ಊರೇ ಮುಖ ಮುಚ್ಚಿಕೊಂಡ ಒಂದು ಗಳಿಗೆಯನ್ನು ನೋಡಿದವನು ತಾನೊಬ್ಬನೇ ಎಂದು ಅವನು ಚಳಿಗಾಲವೆಲ್ಲ ಸಾರಿಕೊಂಡು ಬಂದಿದ್ದ.

ಆ ಗಳಿಗೆ ನವೆಂಬರಿನದು. ಮ್ಯಾಡಿಸನ್ನಿನ ದೊಡ್ಡ ಮೈದಾನ, ರಾಜ್ಯದ ಫೈನಲ್. ಟ್ಯಾಮರಾಕಿನ ಜನವೆಲ್ಲ ಅಲ್ಲೇ ಇದ್ದರು. ಊರಲ್ಲಿ ಉಳಿದದ್ದು ಹಸುಗಳು ಮಾತ್ರ. ಚಳಿ ಎಷ್ಟಿತ್ತೆಂದರೆ, ಕಪ್ಪಿನಿಂದ ಬಾಯಿಗೆ ಬರುವಷ್ಟರಲ್ಲಿ ಕಾಫಿಯನ್ನು ಅಗಿದು ನುಂಗಬೇಕಿತ್ತು. ಕಡೆಯ ಗಳಿಗೆ. ನಾಲ್ಕನೇ ಪ್ರಯತ್ನ, ಗೋಲಿಗೆ ಒಂದು ಗಜ ಬಾಕಿ, ನಮ್ಮ ಹುಡುಗರು ಎರಡು ಪಾಯಿಂಟ್ ಹಿಂದೆ. ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸಿದರೆ ಮೂರು ಪಾಯಿಂಟ್, ಗೆದ್ದವರಿಗೆ ಕೊಡುವ ಚಿನ್ನದ ಚೆಂಡು ಊರಿಗೆ. ಒದೆಯುವ ಹುಡುಗ ಸಿದ್ಧನಾಗಿ ನಿಂತ. ಚೆಂಡನ್ನು ನೆಲಕ್ಕಿಟ್ಟು ಹಿಡಿಯಬೇಕಾದ ಹುಡುಗ ನೆಂಗ್ ಮಂಡಿಯೂರಿ ಕೂತ. ಚೆಂಡು ಹಿಂದಕ್ಕೆ ಬಂತು. ನೆಂಗ್ ಅದನ್ನು ನೆಲಕ್ಕಿಡಲೇ ಇಲ್ಲ; ಎದೆಗವಚಿಕೊಂಡು ಎದ್ದು ಮೂಲೆಗೆ ಓಡಿದ!

ಅದು ಕೋಚ್ ಬ್ರೆಕ್ಕೆಯ ತಂತ್ರ. ಒದೆಯುವಂತೆ ನಟಿಸಿ ಓಡುವುದು; ಚೆಂಡು ಗೋಲಿನ ಗೆರೆ ಮುಟ್ಟಿದರೆ ಆರು ಪಾಯಿಂಟ್. ಮೂಲೆಯಲ್ಲಿ ಎರಡೂ ಕಡೆಯ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾದರು. ರೆಫರಿ ಗುಡ್ಡೆ ಕೆದಕಿ, ಚೆಂಡು ಗೆರೆ ಮುಟ್ಟಿಲ್ಲ ಎಂದ. ಮುಗಿಯಿತು. ಟೀವಿಯವರ ಚಿತ್ರದಲ್ಲಿ ಕಾಣುವುದು ರೆಫರಿಯ ಅಗಲವಾದ ಬೆನ್ನು ಮತ್ತು ಬೀಳುತ್ತಿರುವ ಹಿಮ. ನೆಂಗನನ್ನೇ ಕೇಳಿದರೆ, "ನನ್ ಮುಖದ ಮೇಲೆ ಯಾರದೋ ಹೊಟ್ಟೆ ಇತ್ತು, ನಂಗೇನ್ ಗೊತ್ತು?" ಎನ್ನುತ್ತಾನೆ.

ಅಂದಿನಿಂದ ಊರು ಎರಡಾಯಿತು. ಒದೆಯಬೇಕಿತ್ತು ಎನ್ನುವವರದು ಒದೆ ಪಕ್ಷ, ಓಡಿದ್ದೇ ಸರಿ ಎನ್ನುವವರದು ಓಟದ ಪಕ್ಷ. ಒದೆ ಪಕ್ಷದ ದಂತವೈದ್ಯ ಓಟದ ಪಕ್ಷದವನ ಹುಳುಕು ಹಲ್ಲನ್ನು ಬಿಟ್ಟು ಒಳ್ಳೆಯ ಹಲ್ಲನ್ನು ಕಿತ್ತನೆಂದು ಸುದ್ದಿ. ಇಗರ್ಜಿಯಲ್ಲಿ ಎರಡು ಪಕ್ಷದವರು ಎರಡು ಸಾಲಿನಲ್ಲಿ ಕೂತು, ಒಬ್ಬರ ಆಮೆನ್ ಮೇಲೆ ಇನ್ನೊಬ್ಬರು ಆಮೆನ್ ಹೇಳಿ ಮುಚ್ಚಿಹಾಕುತ್ತಿದ್ದರು. ಒದೆ ಪಕ್ಷಕ್ಕೆ ನಾಯಕ ವಾಮೆಂಗ್ ಶಿಯಾಂಗ್, ಗ್ಯಾರೇಜಿನವನು, ಓಡಿದ ನೆಂಗನ ಸೋದರಮಾವ! ಓಟದ ಪಕ್ಷಕ್ಕೆ ನಾಯಕ ಆರ್ವಿಲ್. ನಾಯಕತ್ವಕ್ಕೆ ಕಾರಣವೂ ಇತ್ತು. ಆ ಕಡೆಯ ಗಳಿಗೆಯಲ್ಲಿ ಅವನು ತನ್ನ ಸೀಟು ಬಿಟ್ಟು, "ಹತ್ರದಿಂದ ನೋಡ್ತೀನಿ" ಎಂದು ಮೆಟ್ಟಿಲಿಳಿದು ಹೋದದ್ದನ್ನು ಎಲ್ಲರೂ ನೋಡಿದ್ದರು. ಮೂಲೆಯ ಕಂಬಿಗೆ ಒರಗಿ ನಿಂತು ಎಲ್ಲವನ್ನೂ ಕಂಡೆ ಎಂದ. ನೆಂಗ್ ಗೆರೆ ಮುಟ್ಟಿದ್ದ, ಗೆದ್ದಿದ್ದೆವು, ರೆಫರಿ ಕುರುಡ ಎಂದ.

ಕೋಚ್ ಬ್ರೆಕ್ಕೆಯ ಜೀವ ಹಿಡಿದು ನಿಂತದ್ದು ಆ ಒಂದು ಮಾತಿನ ಮೇಲೆ. ಚಳಿಗಾಲವೆಲ್ಲ ಅವರು ತಟ್ಟೆಯಲ್ಲಿ ಬಟಾಣಿ ಕಾಳುಗಳನ್ನು ಆಟಗಾರರಂತೆ ಜೋಡಿಸುತ್ತ ಊಟ ತಣ್ಣಗಾಗಿಸುತ್ತಿದ್ದರೆಂದು ಅವರ ಹೆಂಡತಿಯೇ ಬಾರಿನ ಲವಾನಳ ಹತ್ತಿರ ಹೇಳಿಕೊಂಡಿದ್ದಳು.

*

ಮಾರ್ಚ್ ತಿಂಗಳ ಶುಕ್ರವಾರ. ಈಸ್ಟರಿಗೆ ಮೊದಲು ಕ್ರೈಸ್ತರು ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ವಾರಗಳು. ಲವಾನಳ ಬಾರಿನಲ್ಲಿ ಕರಿದ ಮೀನಿಗೆ ಜನ ಕಾಲಿಡಲು ಜಾಗವಿಲ್ಲದಷ್ಟು ನೆರೆದಿದ್ದರು. ಆ ಸಂಜೆ ಹೊಸ ಮೇಸ್ತ್ರಿಯ ಹೆಸರು ಹೇಳುತ್ತೇನೆಂದು ಕೋಚ್ ಮಾತು ಕೊಟ್ಟಿದ್ದರು. ಆರ್ವಿಲ್ ಮಧ್ಯಾಹ್ನವೇ ಬಂದು, ಒಲೆಯ ಪಕ್ಕದ ಮೇಜು ಹಿಡಿದಿದ್ದ. ಎದುರಿಗೆ ವಾಮೆಂಗ್. ಪಕ್ಷ ಬೇರೆಯಾದರೂ ಮೇಜು ಒಂದೇ. ಇಪ್ಪತ್ತು ವರ್ಷದ ಅಭ್ಯಾಸವನ್ನು ಫೈನಲ್ ಕೂಡ ಕೆಡಿಸಲಾರದು.

"ಲವಾನ್, ಮೀನು ಎಷ್ಟು ದೊಡ್ಡದಿದೆ ಅಂದ್ರೆ, ತಲೆ ನನ್ ತಟ್ಟೇಲಿದೆ, ಬಾಲ ಇವನ ತಟ್ಟೇಲಿದೆ," ಎಂದ ಆರ್ವಿಲ್.

"ನೀನು ಹಿಡೀಲಿಲ್ವಲ್ಲ, ಅದಕ್ಕೇ ಇಷ್ಟೇ ಆಗಿದ್ದು," ಎಂದಳು ಲವಾನ್, ನಾಲ್ಕು ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಹೊತ್ತು ಹಾದುಹೋಗುತ್ತ. "ನೀನು ಹಿಡಿದಿದ್ರೆ ಬಾಗಿಲಲ್ಲಿ ಹಿಡಿಸ್ತಿರಲಿಲ್ಲ ಮಾರಾಯ."

ವಾಮೆಂಗ್ ಆಲೂಗಡ್ಡೆ ದೋಸೆಗೆ ಸೇಬಿನ ಗೊಜ್ಜು ಸವರುತ್ತ, "ಇವತ್ತು ಕ್ಷೌರ ಬೇರೆ ಆಗಿದೆ," ಎಂದ. "ಮದುವೆ ಗಂಡು."

"ಮೇಸ್ತ್ರಿಗೆ ಗಾಂಭೀರ್ಯ ಬೇಕು ಕಣೋ."

"ಮೇಸ್ತ್ರಿಗೆ ಬಾಯಿ ಮುಚ್ಕೊಂಡಿರಕ್ಕೂ ಬರ್ಬೇಕು. ಸರಪಳಿ ಎಳೀವಾಗ ನೀನು ಕಥೆ ಶುರು ಮಾಡಿದ್ರೆ ಹುಡುಗರು ಶಾಲೆ ಮುಗಿಸಿ, ಮದ್ವೆ ಆಗಿ, ಮೊಮ್ಮಕ್ಕಳನ್ನ ಆಟಕ್ಕೆ ಕರ್ಕೊಂಡು ಬಂದಿರ್ತಾರೆ."

"ಒದೆ ಪಕ್ಷದವನ ಕೈಗೆ ಸರಪಳಿ ಕೊಟ್ರೆ ಅದನ್ನೂ ಒದ್ದು ಬಿಸಾಕ್ತೀಯ."

"ಒದೀಬೇಕಿತ್ತು," ಎಂದ ವಾಮೆಂಗ್, ಉಸಿರೆಳೆದಷ್ಟು ಸಲೀಸಾಗಿ.

"ಹೆಂಗೋ ಒದೀತಾರೆ? ಹಿಂದಿನ ಸಲ ಒದ್ದಿದ್ದು ಅವರ ಹುಡುಗನ ಎದೆಗೆ ಬಡಿದು ವಾಪಸ್ ಬಂತು. ಚೆಂಡು ಕಲ್ಲಾಗಿತ್ತು. ಒದ್ದೋನ ಕಾಲು ಜಾರ್ತಿತ್ತು."

"ಸರಿ, ಕಾಲು ಜಾರ್ತಿತ್ತು. ಅದಕ್ಕೆ ನೆಂಗನ ಕೈಗೆ ಕೊಡ್ತಾರಾ? ಅವನು ನನ್ ಅಕ್ಕನ ಮಗ, ನಂಗೆ ಪ್ರಾಣ. ಆದ್ರೆ ಅಂಗಡಿಯಿಂದ ಮೊಟ್ಟೆ ತಾ ಅಂತ ಕಳಿಸಿದ್ರೆ ಮನೆಗೆ ಬರೋದು ಆಮ್ಲೆಟ್ಟು. ಅಂಥೋನ ಕೈಗೆ ಊರಿನ ಮಾನ ಕೊಟ್ರು."

"ಅವನು ಮುಟ್ಟಿದ್ದ ಕಣೋ! ಮುಟ್ಟಿದ್ದ! ನಾನ್ ನೋಡ್ದೆ."

ಸುತ್ತಲಿನ ಮೇಜುಗಳಿಂದ ಎರಡೂ ಪಕ್ಷದವರು ಒಟ್ಟಿಗೇ ಗೊಣಗಿದರು. ಈ ಜಗಳವನ್ನು ಅವರು ಎಷ್ಟು ಸಲ ಕೇಳಿದ್ದರೆಂದರೆ, ಮುಂದಿನ ಮಾತು ಯಾರದೆಂದು ಮೀನುಗಳಿಗೂ ತಿಳಿದಿತ್ತು. ಲವಾನಳ ಎಣ್ಣೆಬಾಣಲೆಯಲ್ಲಿ ಬಿದ್ದ ತುಂಡುಗಳು ಕೂಡ ಒಂದು ಸಲ 'ಒದಿ', ಒಂದು ಸಲ 'ಓಡು' ಎಂದು ಚುರುಗುಟ್ಟುತ್ತಿದ್ದವು.

ಅಷ್ಟರಲ್ಲಿ ಬಾಗಿಲು ತೆರೆದು ಕೋಚ್ ಬ್ರೆಕ್ಕೆ ಬಂದರು. ಕಂಕುಳಲ್ಲಿ ಕಾಗದದ ಚೀಲ. ಅದರ ಬಾಯಿಂದ ಕಿತ್ತಳೆ ಬಣ್ಣದ ಬಟ್ಟೆಯ ಅಂಚು ಇಣುಕುತ್ತಿತ್ತು, ಮೇಸ್ತ್ರಿಯ ಅಂಗಿ! ಆರ್ವಿಲನ ಗಂಟಲಲ್ಲಿ ಮೀನು ಹಿಂದಕ್ಕೆ ಈಜಿತು.

ಕೋಚಿನ ಹಿಂದೆಯೇ ಇಟ್ಟಿಗೆಯಂತೆ ಕೆಂಪಾಗಿದ್ದ ಒಬ್ಬ ದಪ್ಪ ಮನುಷ್ಯ ಒಳಗೆ ಬಂದ. ನೋರ್ಬ್ ಕುಬಿಯಾಕ್. ಊರಿನ ರೇಡಿಯೋದಲ್ಲಿ ಹುಡುಗರ ಆಟವನ್ನೆಲ್ಲ ವರ್ಣಿಸಿ ಹೇಳುವವನು. ಫೈನಲ್ ಮುಗಿದ ವಾರವೇ ಹೆಂಡತಿಯೊಡನೆ ಅರಿಜೋನಾಕ್ಕೆ ಹೋದವನು ಹಿಂದಿನ ದಿನವಷ್ಟೇ ಮರಳಿದ್ದ.

"ಏನ್ ನೋರ್ಬ್, ಅಲ್ಲಿ ನಿನ್ನ ಕರಿದ್ರೋ, ಸುಟ್ರೋ?" ಎಂದು ಕೇಳಿದಳು ಲವಾನ್.

"ಎರಡೂ. ಮೀನು ಕೊಡು ಮೊದ್ಲು. ಅಲ್ಲಿ ಮೀನು ಅಂತ ಕೊಟ್ಟಿದ್ದು ಹಲ್ಲಿ ಅನ್ಸುತ್ತೆ."

ಕೋಚ್ ಬಂದು ಆರ್ವಿಲನ ಮೇಜಿನ ತುದಿಯಲ್ಲಿ ನಿಂತರು. ಚೀಲದಿಂದ ಕಿತ್ತಳೆ ಅಂಗಿ ತೆಗೆದು ಬಿಡಿಸಿದರು.

"ನಾನು ಭಾಷಣ ಮಾಡೋನಲ್ಲ," ಎಂದರು. "ಇಬ್ರೂ ಒಳ್ಳೆಯವ್ರೇ. ವಾಮೆಂಗ್, ನಿನ್ ಕೈ ಗಟ್ಟಿ. ಯಾವತ್ತೂ ಕೋಲು ಅಲುಗಾಡಿಸಿದವನಲ್ಲ. ಆದ್ರೆ ಆವತ್ತು ಮ್ಯಾಡಿಸನ್ನಲ್ಲಿ ನಾವೆಲ್ಲ ಮುಖ ಮುಚ್ಕೊಂಡ್ವಿ. ನಾನೂ. ಆ ತಂತ್ರ ಹೇಳಿಕೊಟ್ಟಿದ್ದು ನಾನು, ಆದ್ರೂ ಬೆರಳ ಸಂದಿಂದ ನೋಡ್ದೆ. ಒಬ್ಬನೇ ಒಬ್ಬ ಎದ್ದು ಕಂಬಿ ಹತ್ರ ಹೋದ, ಕಣ್ಣು ಬಿಟ್ಟು ನೋಡ್ದ. ಮೇಸ್ತ್ರಿ ಅಂದ್ರೆ ಅಂಥೋನಾಗಿರ್ಬೇಕು."

ವಾಮೆಂಗ್ ನಿಧಾನವಾಗಿ ತಲೆಯಾಡಿಸಿ ಒಪ್ಪಿದ. ಆಮೇಲೆ, "ಒದೀಬೇಕಿತ್ತು," ಎಂದ. ಎಲ್ಲರೂ ನಕ್ಕರು.

ಕೋಚ್ ಅಂಗಿಯನ್ನು ಮೇಜಿನ ಮೇಲಿಟ್ಟರು. ಅದು ಆರ್ವಿಲನ ತಟ್ಟೆಯ ಪಕ್ಕದಲ್ಲೇ ಬಿದ್ದಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. "ನೋರ್ಬ್ ಇನ್ನೂ ಕೇಳಿಲ್ಲ," ಎಂದರು ಕೋಚ್, ಸ್ವಲ್ಪ ಸಂಕೋಚದಿಂದ. "ಅವನಿಗೆ ಒಂದ್ಸಲ ಹೇಳು ಆರ್ವಿಲ್. ನಿಜ ಹೇಳ್ಬೇಕಂದ್ರೆ, ನಂಗೂ ಇನ್ನೊಂದ್ಸಲ ಕೇಳ್ಬೇಕು ಅನ್ಸಿದೆ."

ಆರ್ವಿಲ್ ಎದ್ದ. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ. ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಮೂಲೆಯ ಗುರುತುಗಳಾದವು. ರೈ ಬ್ರೆಡ್ಡಿನ ಚೂರು ಗೋಲಿನ ಗೆರೆಯಾಯಿತು. ಕರಿದ ಚೀಸಿನ ತುಂಡುಗಳು ನಮ್ಮ ಹುಡುಗರು, ವಾಮೆಂಗನ ತಟ್ಟೆಯಿಂದ ಕಸಿದ ಆಲೂಗಡ್ಡೆ ದೋಸೆ ಎದುರಾಳಿಗಳ ದೈತ್ಯ.

"ಏಯ್, ನನ್ ದೋಸೆ!"

"ಸುಮ್ನಿರೋ. ಇದು ಇತಿಹಾಸ." ಆರ್ವಿಲ್ ನಿಂಬೆಹೋಳನ್ನು ಎರಡು ಬೆರಳಲ್ಲಿ ಹಿಡಿದ. "ಇದು ಚೆಂಡು. ನಾನು ಇಲ್ಲಿ, ಕಂಬಿ ಹತ್ರ. ಎಷ್ಟು ಹತ್ರ ಅಂದ್ರೆ ನೆಂಗನ ಎದೆ ಬಡಿಯೋದು ಕೇಳ್ತಿತ್ತು. ಚೆಂಡು ಬಂತು. ಎದ್ದ! ಜಿಂಕೆ ಅಲ್ಲ, ಜಿಂಕೆಗೆ ಕಲಿಸಿಕೊಡೋ ಮೇಷ್ಟ್ರ ಹಂಗೆ ಓಡ್ದ. ಈ ದೋಸೆ ಬಂದು ಸೊಂಟ ಹಿಡ್ಕೊಂಡ. ಇನ್ನೊಬ್ಬ ಕಾಲು ಹಿಡ್ಕೊಂಡ. ಮತ್ತೊಬ್ಬ ಇನ್ನೊಂದು ಕಾಲು ಹಿಡ್ಕೊಂಡ."

"ಮೊನ್ನೆ ಇಬ್ರೇ ಇದ್ರು," ಎಂದಳು ಲವಾನ್.

"ಮೊನ್ನೆ ಎಣಿಸೋಕೆ ಪುರುಸೊತ್ತಿರಲಿಲ್ಲ. ಕೇಳು ನೋರ್ಬ್. ಹುಡುಗ ಬೀಳ್ತಾ ಇದ್ದಾನೆ. ಬೀಳ್ತಾ ಬೀಳ್ತಾ ಬುಗುರಿ ಥರ ತಿರುಗ್ದ. ಬಲಗೈ ಉದ್ದಕ್ಕೆ ಚಾಚ್ದ. ಆ ದೈತ್ಯನ ಬೆನ್ನ ಮೇಲಿಂದ, ಹಿಂಗೆ! ಗೆರೆ ಮೂಲೇಲಿರೋ ಆ ಕಿತ್ತಳೆ ಗುರುತಿಗೆ ಚೆಂಡಲ್ಲಿ ತಟ್ಟಿದ. ಟಕ್, ಟಕ್. ಎರಡು ಸಲ. ಬಾಗಿಲು ತಟ್ಟಿದ ಹಂಗೆ."

ನಿಂಬೆಹೋಳು ಮೆಣಸಿನ ಡಬ್ಬಿಯನ್ನು ಎರಡು ಸಲ ತಟ್ಟಿತು. ಓಟದ ಪಕ್ಷದವರು ಮೇಜು ಗುದ್ದಿದರು. ಕೋಚ್ ಕಣ್ಣು ಮುಚ್ಚಿ, ಹಸಿದವನು ಅನ್ನ ಕಂಡಂತೆ ಮುಗುಳ್ನಕ್ಕರು.

ನೋರ್ಬ್ ಕುಬಿಯಾಕ್ ಮಾತ್ರ ಅಗಿಯುವುದನ್ನು ನಿಲ್ಲಿಸಿದ್ದ. ಅವನ ಕೆಂಪು ಮುಖ ಇನ್ನಷ್ಟು ಕೆಂಪಾಯಿತು.

"ಎರಡು ಸಲನಾ?" ಎಂದ.

"ಎರಡು ಸಲ."

"ಬಾಗಿಲು ತಟ್ಟಿದ ಹಂಗೆ?"

"ಅದೇ ಹಂಗೆ."

ನೋರ್ಬ್ ಫೋರ್ಕು ಕೆಳಗಿಟ್ಟ. "ಆರ್ವಿಲ್," ಎಂದ, "ಅದು ನಂದು."

"ಏನು ನಿಂದು?"

"ಟಕ್ ಟಕ್. ಬಾಗಿಲು ತಟ್ಟಿದ ಹಂಗೆ. ಅದು ನಾನು ರೇಡಿಯೋದಲ್ಲಿ ಹೇಳಿದ್ದು." ಅವನು ಸುತ್ತಲೂ ನೋಡಿದ. ಬಾರಿನ ಕಿವಿಯೆಲ್ಲ ಅವನ ಬಾಯಿಗೆ ಅಂಟಿಕೊಂಡಿತ್ತು. "ಹೇಳಿಬಿಡ್ತೀನಿ, ನಾಲ್ಕು ತಿಂಗಳಿಂದ ಹೊಟ್ಟೇಲಿಟ್ಕೊಂಡಿದ್ದೀನಿ. ಮೇಲೆ ನಮ್ಮನ್ನ ಕೂರಿಸಿದ್ರಲ್ಲ, ಆ ಗಾಜಿನ ಗೂಡು, ಅಲ್ಲಿ ನನ್ನ ಉಸಿರಿಗೇ ಗಾಜೆಲ್ಲ ಮಂಜು ಹಿಡಿದಿತ್ತು. ನೆಂಗ್ ಎದ್ದಿದ್ದು ಕಾಣ್ತು. ಆಮೇಲೆ ಎಲ್ಲ ಬಿಳಿ. ತೋಳಲ್ಲಿ ಒರೆಸಿದ್ರೆ ಇನ್ನೂ ಬಿಳಿ. ಜನ ಹೋ ಅಂದ್ರು. ರೇಡಿಯೋದೋನು ಸುಮ್ನಿರಕ್ಕಾಗುತ್ತಾ? ಬಾಯಿಗೆ ಬಂದಿದ್ದು ಹೇಳ್ದೆ. ಬುಗುರಿ ಅಂದೆ. ಬಲಗೈ ಅಂದೆ. ಟಕ್ ಟಕ್ ಅಂದೆ. ಒಂದೂ ನೋಡಿಲ್ಲ. ಎಲ್ಲಾ ನಾನೇ ಹುಟ್ಟಿಸಿದ್ದು. ಮರ್ಯಾದೆ ಹೋಗುತ್ತೆ ಅಂತ ಆ ವಾರಾನೇ ಅರಿಜೋನಾಕ್ಕೆ ಓಡ್ದೆ."

ಬಾಣಲೆಯ ಎಣ್ಣೆ ಕೂಡ ಚುರುಗುಟ್ಟುವುದನ್ನು ನಿಲ್ಲಿಸಿ ಕಿವಿಗೊಟ್ಟಿತು.

"ಆದ್ರೆ ನಾನೊಂದು ಸಮಾಧಾನ ಮಾಡ್ಕೊಂಡಿದ್ದೆ," ಎಂದು ನೋರ್ಬ್ ಮುಂದುವರಿಸಿದ. "ಊರಿಗೂರೇ ಮೈದಾನದಲ್ಲಿತ್ತು. ನನ್ ಮಾತು ಯಾರು ಕೇಳಿರ್ತಾರೆ? ಕೊಟ್ಟಿಗೇಲಿ ಹಾಕಿರೋ ರೇಡಿಯೋ. ಹಸುಗಳು. ಹಸುಗಳು ಬಿಟ್ರೆ ಯಾರೂ ಕೇಳಿಲ್ಲ ಅಂದ್ಕೊಂಡಿದ್ದೆ."

ಎಲ್ಲರ ತಲೆಯೂ ಒಟ್ಟಿಗೆ ಆರ್ವಿಲನ ಕಡೆ ತಿರುಗಿತು.

ವಾಮೆಂಗ್ ತನ್ನ ದೋಸೆಯನ್ನು ಮೆಲ್ಲಗೆ ಗೋಲಿನ ಗೆರೆಯಿಂದ ಎತ್ತಿ ತಟ್ಟೆಗೆ ಹಾಕಿಕೊಂಡ. "ಆರ್ವಿಲ್," ಎಂದು ಬಹಳ ಮರ್ಯಾದೆಯಿಂದ ಕೇಳಿದ, "ನೀನು ದಿನಕ್ಕೆ ಎಷ್ಟು ಲೀಟರ್ ಕೊಡ್ತೀಯ?"

ಬಾರು ಸಿಡಿಯಿತು. ಒದೆ ಪಕ್ಷ, ಓಟದ ಪಕ್ಷ ಎನ್ನದೆ ಜನ ಒಬ್ಬರ ಹೆಗಲಮೇಲೊಬ್ಬರು ಬಿದ್ದು ನಕ್ಕರು. ನಕ್ಕ ರಭಸಕ್ಕೆ ಗೋಡೆಯ ಮೇಲಿದ್ದ ಕಡವೆಯ ತಲೆ ಓರೆಯಾಯಿತು. ಯಾರೋ ಅಂಬಾ ಎಂದರು. ನಗದೆ ಇದ್ದವರು ಇಬ್ಬರೇ: ಆರ್ವಿಲ್, ಮತ್ತು ಕೋಚ್ ಬ್ರೆಕ್ಕೆ.

ಆರ್ವಿಲ್ ಬಾಯಿ ತೆರೆದ. ಬೇಕಾದಷ್ಟು ಸುಳ್ಳುಗಳು ನಾಲಗೆಯ ತುದಿಗೆ ಓಡಿಬಂದು ಸಾಲುಗಟ್ಟಿದವು. ಕಂಬಿಯ ಹತ್ತಿರ ಯಾರದೋ ಕೈಯಲ್ಲಿ ರೇಡಿಯೋ ಇತ್ತು ಎನ್ನಬಹುದಿತ್ತು. ನೋರ್ಬ್ ಊಹಿಸಿದ್ದು ನಿಜವೂ ಆಗಿತ್ತು, ಕುರುಡನ ಬಾಣವೂ ಒಮ್ಮೊಮ್ಮೆ ನಾಟುತ್ತದೆ ಎನ್ನಬಹುದಿತ್ತು. ಇದನ್ನು ಅರ್ಧ ಊರು ನಂಬುತ್ತಿತ್ತು. ಕಿತ್ತಳೆ ಅಂಗಿ ಅಲ್ಲೇ ಇತ್ತು. ಅದರ ಒಂದು ತೋಳು ಅವನ ಬೆರಳಿಗೆ ತಾಗುತ್ತಿತ್ತು.

"ಕಂಬಿ ಹತ್ರ ಒಬ್ಬ ಮುದುಕ..." ಎಂದು ಶುರು ಮಾಡಿದ.

"ಆರ್ವಿಲ್," ಎಂದರು ಕೋಚ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ನಾನು ಆ ಹುಡುಗನಿಗೆ ಹೇಳಿದ್ದೀನಿ. ನೀನು ಮುಟ್ಟಿದ್ದೆ ಕಣೋ, ಆರ್ವಿಲ್ ನೋಡಿದ್ದಾನೆ ಅಂತ. ನನ್ ಹೆಂಡ್ತಿಗೆ ಹೇಳಿದ್ದೀನಿ. ರಾತ್ರಿ ನಿದ್ದೆ ಬರ್ದೇ ಇದ್ದಾಗ ನಂಗೆ ನಾನೇ ಹೇಳ್ಕೊಂಡಿದ್ದೀನಿ. ನೀನು ಕಂಬಿ ಹತ್ರ ಇದ್ಯಾ, ಇಲ್ವಾ?"

ನಗು ನಿಂತಿತು. ಲವಾನ್ ಕೈಯಲ್ಲಿದ್ದ ತಟ್ಟೆಯನ್ನು ಅವನ ಮುಂದೆ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹೇಳಿಬಿಡು. ಮೀನು ಆರ್ತಿದೆ."

ಕಣ್ಣು ಮಿಟುಕಿಸದೆ ನೊಣದ ಕಾಲು ಎಣಿಸಿದವನು ಈಗ ತನ್ನ ತಟ್ಟೆಯನ್ನೂ ನೋಡಲಾರದೆ ಕೂತ. ನಿಂಬೆಹೋಳನ್ನು ಹಿಂಡಿದ. ಅದರಲ್ಲಿ ರಸ ಉಳಿದಿರಲಿಲ್ಲ.

"ಇರ್ಲಿಲ್ಲ ಕೋಚ್," ಎಂದ. "ಕಂಬಿ ಹತ್ರ ಹೋಗೋಣ ಅಂತಾನೇ ಎದ್ದೆ. ಮೆಟ್ಟಿಲು ಇಳಿದೆ. ಕಾಲು ಆ ಕಡೆ ತಿರುಗಲೇ ಇಲ್ಲ. ನಾಲ್ಕನೇ ಪ್ರಯತ್ನ, ಒಂದು ಗಜ. ಎದೆ ಒಡೆದುಹೋಗುತ್ತೆ ಅನ್ನಿಸ್ತು. ಗೇಟಿಂದ ಹೊರಗೆ ಹೋಗ್ಬಿಟ್ಟೆ. ಪಿಕಪ್ಪಲ್ಲಿ ಕೂತು, ಕೋಟು ತಲೆ ಮೇಲೆ ಹಾಕ್ಕೊಂಡು, ರೇಡಿಯೋ ತಿರುಗಿಸಿದೆ. ಕರಕರ ಅಂತಿತ್ತು. ನೋರ್ಬ್ ಟಕ್ ಟಕ್ ಅಂದ. ಗೆದ್ವಿ ಅಂತ ಕೋಟಿನೊಳಗೇ ಕುಣಿದೆ. ಆಮೇಲೆ ಸೋತ್ವಿ ಅಂದ." ಅವನು ನೋರ್ಬನ ಕಡೆ ತಿರುಗಿದ. "ನಾನು ಸುಳ್ಳು ಹೇಳ್ತಿದ್ದೀನಿ ಅಂತ ನಂಗೆ ಗೊತ್ತಿತ್ತು. ನೀನೂ ಸುಳ್ಳು ಹೇಳಿದ್ದೆ ಅಂತ ಯಾರಪ್ಪ ಅಂದ್ಕೊಂಡಿದ್ರು! ಮುಟ್ಟಿದ್ದು ನಿಜ, ನೋಡಿದ್ದು ಮಾತ್ರ ಸುಳ್ಳು ಅಂದ್ಕೊಂಡಿದ್ದೆ. ಕೋಚ್ ಮುಖ ನೋಡಕ್ಕಾಗ್ತಿರಲಿಲ್ಲ, ಅದಕ್ಕೆ ನೋಡ್ದೆ ಅಂದೆ. ಒಂದ್ಸಲ ಅಂದ್ಮೇಲೆ..."

"ಒಂದ್ಸಲ ಅಂದ್ಮೇಲೆ ನಿನ್ನ ಬಾಯಿ ನಿನ್ ಮಾತು ಕೇಳುತ್ತಾ," ಎಂದಳು ಲವಾನ್, ಆದರೆ ಮೆತ್ತಗೆ.

ಕೋಚ್ ಕುರ್ಚಿ ಎಳೆದು ಕೂತರು. ರೈ ಬ್ರೆಡ್ಡಿನ 'ಗೆರೆ'ಯನ್ನು ಒಂದು ಬೆರಳಿಂದ ಆಚೆ ಸರಿಸಿದರು. "ಹಂಗಾದ್ರೆ ಯಾರಿಗೂ ಗೊತ್ತಿಲ್ಲ," ಎಂದರು. "ಮುಟ್ಟಿದ್ನೋ ಇಲ್ವೋ, ದೇವರಾಣೆ ಯಾರಿಗೂ ಗೊತ್ತಿಲ್ಲ."

"ಒದ್ದಿದ್ರೆ ಗೊತ್ತಾಗ್ತಿತ್ತು," ಎಂದ ವಾಮೆಂಗ್.

ಕೋಚ್ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ, ನವೆಂಬರಿನಿಂದ ಮೊದಲ ಸಲ, ಹೊಟ್ಟೆ ಕುಲುಕುವಂತೆ ನಕ್ಕರು. ವಾಮೆಂಗನ ತಟ್ಟೆಯಿಂದ ದೋಸೆಯ ಅರ್ಧ ಮುರಿದು ಬಾಯಿಗೆ ಹಾಕಿಕೊಂಡರು.

"ಆದ್ರೆ ಆರ್ವಿಲ್," ಎಂದರು ಅಗಿಯುತ್ತ, "ನಂಗೊಂದು ಗೊತ್ತಾಗ್ಬೇಕು. ಊರಿನ ಆಟಗಳಲ್ಲಿ? ಅಂಕಿಯ ಕೋಲು ಹಿಡ್ಕೊಂಡು ಗೆರೆ ಪಕ್ಕದಲ್ಲೇ ನಿಂತಿರ್ತೀಯಲ್ಲ, ಆಗ್ಲೂ ಕಣ್ಣು ಮುಚ್ಕೊಂಡಿರ್ತೀಯಾ?"

ಆರ್ವಿಲ್ ಕಿತ್ತಳೆ ಅಂಗಿಯನ್ನು ಕೈಗೆತ್ತಿಕೊಂಡ. ಎರಡು ಮಡಿಕೆ ಮಾಡಿ, ಮೀನಿನ ಮುಳ್ಳು ತಾಗದಂತೆ ತಟ್ಟೆಗಳ ಮೇಲಿಂದ ದಾಟಿಸಿ, ವಾಮೆಂಗನ ತೊಡೆಯ ಮೇಲೆ ಇಟ್ಟ.

"ಇಲ್ಲ ಕೋಚ್. ಅಲ್ಲಿ ಎಲ್ಲಾ ನೋಡ್ತೀನಿ. ಒಂದೂ ಬಿಡಲ್ಲ. ನಾಲ್ಕನೇ ಅಂಕಿ ತಿರುಗಿಸಿ ಕೋಲು ನೆಲಕ್ಕೆ ಊರಿದ್ಮೇಲೆ ರೆಫರಿ ನನ್ನನ್ನೇ ನೋಡ್ತಾನೆ, ಎರಡೂ ಕಡೆ ಹುಡುಗರು ನನ್ನನ್ನೇ ನೋಡ್ತಾರೆ. ಬಿಟ್ಟು ಎಲ್ಲಿಗೆ ಓಡ್ಲಿ? ಕಾಲು ಗಡಗಡ ಅನ್ನುತ್ತೆ, ಆದ್ರೂ ನಿಂತಿರ್ತೀನಿ. ಆವತ್ತು ಸರಪಳಿ ಹಿಡಿದೋರು ಬೇರೆಯವ್ರು. ನನ್ ಕೈ ಖಾಲಿ ಇತ್ತು." ಅವನು ಖಾಲಿ ಕೈಯನ್ನೇ ಒಮ್ಮೆ ನೋಡಿಕೊಂಡ. "ಮೇಸ್ತ್ರಿ ಇವನೇ ಆಗ್ಲಿ. ಆದ್ರೆ ಆ ಅಂಕಿಯ ಕೋಲು ಮಾತ್ರ ನನ್ ಹತ್ರಾನೇ ಇರ್ಲಿ ಕೋಚ್. ಅದೊಂದು ಇಲ್ದಿದ್ರೆ ನಂಗೆ ಒಂದು ಆಟಾನೂ ನೋಡಕ್ಕಾಗಲ್ಲ. ಭಯ ಆಗುತ್ತೆ."